ಪ್ರಶ್ನಾರ್ಥಕ ಚಿಹ್ನೆಗೊಂದು ಕಾಲಂ: ಸೊರಬ–ಸಾಗರದ ವೀರಗಲ್ಲುಗಳನ್ನು ಗಣಕಕ್ಕೆ ತಂದ ಅನುಭವ

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ತರಗತಿಯಲ್ಲಿ ವೀರಗಲ್ಲುಗಳ ಪಾಠ ನಡೆಯುತ್ತಿದ್ದಾಗ, ಸೊರಬದ ಕಡೆಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, "ಸರ್, ನಮ್ಮ ತಾಲ್ಲೂಕಿನಲ್ಲಿ ದನ ಬಿಡಿಸಲು ಹೋಗಿ ಸತ್ತವರ ಕಲ್ಲು ಎಷ್ಟಿವೆ, ಊರು ಉಳಿಸಲು ಹೋಗಿ ಸತ್ತವರ ಕಲ್ಲು ಎಷ್ಟಿವೆ?" ಎಂದು ಕೇಳಿದಳು. ತುಱುಗೋಳ್ (ದನಗಳ ಅಪಹರಣ), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೇಲಿನ ದೌರ್ಜನ್ಯ), ಗಡಿಕಾಳಗ, ಹಂದಿಬೇಟೆ ಎಂದು ಕಪ್ಪುಹಲಗೆಯ ಮೇಲೆ ಆಗಷ್ಟೇ ವಿಂಗಡಣೆ ಬರೆದಿದ್ದ ನನ್ನಲ್ಲಿ ಆ ಸರಳ ಪ್ರಶ್ನೆಗೆ ಉತ್ತರವಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಶಾಸನಗಳನ್ನು ಓದಿ, ಓದಿಸಿ, ಬೇಕಾದಾಗ ಬೇಕಾದ ಶಾಸನವನ್ನು ಎತ್ತಿ ಉದಾಹರಿಸುತ್ತಿದ್ದೆನೇ ಹೊರತು, ಅವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ನೋಡುವುದು ಸುಲಭವೂ ಆಗಿರಲಿಲ್ಲ. ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ 12 ಸಂಪುಟಗಳಲ್ಲಿ ಪ್ರಕಟಿಸಿದ ಶಾಸನಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ (ಎ.ಕ.) ಶಿವಮೊಗ್ಗ ಜಿಲ್ಲೆಗೇ ಎರಡು ಸಂಪುಟಗಳು ಮೀಸಲಾಗಿವೆ. 1904ರಲ್ಲಿ ಹೊರಬಂದ 8ನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ (ಇಂದಿನ ಹೊಸನಗರ), ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಅಲ್ಲಿ ಶಾಸನಗಳನ್ನು ತಾಲ್ಲೂಕುವಾರು ಕ್ರಮಸಂಖ್ಯೆಯಲ್ಲಿ ಜೋಡಿಸಲಾಗಿದೆ. "ಎ.ಕ. 8, ಸೊರಬ ಇಂತಿಷ್ಟು" ಎಂದು ಹೇಳಿದರೆ ಯಾವ ಸಂಶೋಧಕನೂ ಅದನ್ನು ಕ್ಷಣದಲ್ಲಿ ತೆಗೆದುಕೊಡುತ್ತಾನೆ. ಆದರೆ ಸಾವಿನ ಕಾರಣವನ್ನು ಹಿಡಿದು ಹುಡುಕುವವನಿಗೆ ಆ ಕ್ರಮ ನೆರವಾಗುವುದಿಲ್ಲ; ಅವನು ಪ್ರತಿಯೊಂದು ಪುಟವನ್ನೂ ತಿರುವಬೇಕು. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರಿಸಲು ನಾಲ್ವರು ವಿದ್ಯಾರ್ಥಿಗಳೊಡನೆ ಆರಂಭಿಸಿದ ಆ ಪುಟ ತಿರುವುವ ಕೆಲಸವೇ ಮುಂದೆ ನಮ್ಮ ವಿಭಾಗದ ಡಿಜಿಟಲ್ ಇತಿಹಾಸ ಯೋಜನೆಯಾಯಿತು.

ಮೊದಲ ತಿಂಗಳು ನಾವು ಮಾಡಿದ್ದೆಲ್ಲವೂ ವ್ಯರ್ಥವಾಯಿತು. ಸಂಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟರೆ ಪಾಠ ತಾನೇ ತಾನಾಗಿ ಬರುತ್ತದೆಂದು ನಂಬಿದ್ದೆವು. ಶತಮಾನ ಹಳೆಯ ಅಚ್ಚುಮೊಳೆಗಳು, ಒತ್ತಕ್ಷರಗಳ ಮೇಲೆ ಒತ್ತಕ್ಷರ, ಮಾಸಿದ ಶಾಯಿ ಇವೆಲ್ಲ ಸೇರಿ ಬಂದ ಪಾಠವನ್ನು ತಿದ್ದುವುದಕ್ಕಿಂತ ಹೊಸದಾಗಿ ಬೆರಳಚ್ಚು ಮಾಡುವುದೇ ಬೇಗ ಎನಿಸಿತು. ಆಗ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ ದಾಖಲೆಗಳನ್ನು ಜಾಲಕ್ಕೆ ತಂದ ಇತಿಹಾಸಕಾರರ ಕ್ರಮ ನಮ್ಮ ನೆರವಿಗೆ ಬಂತು. 1674ರಿಂದ 1913ರವರೆಗಿನ 1,97,745 ವಿಚಾರಣೆಗಳ ಆ ಸಂಗ್ರಹದಲ್ಲಿ ಹಳೆಯ ಭಾಗವನ್ನು ಇಬ್ಬರು ಬೇರೆಬೇರೆಯಾಗಿ ಬೆರಳಚ್ಚು ಮಾಡಿ, ಎರಡೂ ಪ್ರತಿಗಳನ್ನು ಗಣಕದಿಂದ ಹೋಲಿಸಿ, ವ್ಯತ್ಯಾಸ ಕಂಡಲ್ಲಿ ಮಾತ್ರ ಮೂಲವನ್ನು ನೋಡಿ ತಿದ್ದಲಾಗಿದೆ. ಒಬ್ಬನ ಕಣ್ಣು ತಪ್ಪಿದಲ್ಲೇ ಇನ್ನೊಬ್ಬನ ಕಣ್ಣೂ ತಪ್ಪುವುದು ಅಪರೂಪ ಎಂಬುದು ಅದರ ಆಧಾರ. ನಾವೂ ಹಾಗೆಯೇ ಇಬ್ಬಿಬ್ಬರ ಜೋಡಿ ಮಾಡಿದೆವು. ಜೋಡಿಯವರು ತಮ್ಮ ಭಾಗ ಮುಗಿಯುವವರೆಗೆ ಶಾಸನಪಾಠದ ಬಗ್ಗೆ ಪರಸ್ಪರ ಮಾತಾಡಬಾರದೆಂಬುದು ನಾನು ಹಾಕಿದ ಒಂದೇ ನಿಯಮ.

ಹೋಲಿಕೆ ಆರಂಭವಾದ ದಿನವೇ ಒಂದು ತೊಡಕು ಕಾಣಿಸಿತು. ಒಬ್ಬ ವಿದ್ಯಾರ್ಥಿ "ತುಱುವಂ ಮಗುಳ್ಚಿ" (ದನಗಳನ್ನು ಮರಳಿಸಿ) ಎಂದು ಬರೆದಿದ್ದರೆ ಅವನ ಜೋಡಿ "ತುರುವಂ ಮಗುಳ್ಚಿ" ಎಂದು ಬರೆದಿದ್ದಳು. ಹಳಗನ್ನಡದ ಱ ಮತ್ತು ೞ ಅಕ್ಷರಗಳನ್ನು ಎಲ್ಲರ ಕೀಲಿಮಣೆಯೂ ಸುಲಭವಾಗಿ ಕೊಡುತ್ತಿರಲಿಲ್ಲ. ಕೆಲವರು ಹುಡುಕಿ ಹಾಕಿದ್ದರು, ಕೆಲವರು ಹತ್ತಿರದ ಅಕ್ಷರ ಹಾಕಿ ಮುಂದೆ ಹೋಗಿದ್ದರು. ಗಣಕದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರವಿದೆ, ಆದರೆ ಅದಕ್ಕೆ ಮೊದಲಿಗೆ 'ಫ' ಎಂಬ ತಪ್ಪು ಹೆಸರು ಬಿದ್ದುಬಿಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮವಾದ್ದರಿಂದ ಅದು ಇಂದಿಗೂ ಆ ಹೆಸರಿನಲ್ಲೇ ಇದ್ದು, ಪಕ್ಕದಲ್ಲಿ ತಿದ್ದುಪಡಿಯ ಟಿಪ್ಪಣಿ ಹೊತ್ತುಕೊಂಡಿದೆ. ಹೆಸರನ್ನು ನಂಬಿ ಹುಡುಕಿದ ನನ್ನ ವಿದ್ಯಾರ್ಥಿಗಳು ಆ ಅಕ್ಷರವೇ ಇಲ್ಲವೆಂದು ತೀರ್ಮಾನಿಸಿದ್ದರು. ಕೊನೆಗೆ ಪ್ರತಿ ಶಾಸನಕ್ಕೂ ಎರಡು ಪಾಠಗಳನ್ನು ಇಟ್ಟೆವು. ಒಂದರಲ್ಲಿ ಸಂಪುಟದಲ್ಲಿರುವಂತೆಯೇ ಅಕ್ಷರಗಳಿರುತ್ತವೆ. ಇನ್ನೊಂದು ಹುಡುಕುವುದಕ್ಕಾಗಿ ಮಾತ್ರ, ಅದರಲ್ಲಿ ಱಕಾರ ರಕಾರವಾಗಿಯೂ ೞಕಾರ ಳಕಾರವಾಗಿಯೂ ಬದಲಾಗಿರುತ್ತದೆ. ಹುಡುಕುವವರ ಅನುಕೂಲಕ್ಕೆಂದು ಮೂಲದ ಅಕ್ಷರವನ್ನೇ ಬಲಿಕೊಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಒಂದು ಶಾಸನದ ಕಾಲವನ್ನು ಅಂದಾಜು ಮಾಡುವಾಗ ೞಕಾರ ಉಳಿದಿದೆಯೇ, ಳಕಾರವಾಗಿದೆಯೇ ಎಂಬುದೂ ಒಂದು ಸಾಕ್ಷಿ.

ಹಿಂದಿನ ತಲೆಮಾರಿನ ಅಧ್ಯಾಪಕರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಕೆಲವು ಪಾಠಗಳೂ ವಿಭಾಗದಲ್ಲಿದ್ದವು. ಅವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು ಇರುವ ಕಡೆಯಲ್ಲೆಲ್ಲ ಅಕ್ಷರಗಳು ಸ್ಥಾನ ತಪ್ಪಿದ್ದವು. 'ಪನ್ನಿರ್ಚ್ಛಾಸಿರ'ದಂತಹ (ಹನ್ನೆರಡು ಸಾವಿರ) ಪದವನ್ನು ಕೈಯಿಂದಲೇ ಸರಿಪಡಿಸಬೇಕಾಯಿತು. ಅದರಲ್ಲಿ ಒಂದು ಬೇಸಿಗೆ ರಜೆ ಕಳೆಯಿತು.

ಪಾಠ ಸಿದ್ಧವಾದ ಮೇಲೆ ಕೋಷ್ಟಕ ಮಾಡುವುದು ಸುಲಭವೆಂದುಕೊಂಡಿದ್ದೆ: ಊರು, ವರ್ಷ, ಅರಸ, ವೀರನ ಹೆಸರು, ಸಾವಿನ ಕಾರಣ, ಕಲ್ಲು ನಿಲ್ಲಿಸಿದವರು. ವಿದ್ಯಾರ್ಥಿಗಳು ಉತ್ಸಾಹದಿಂದ ತುಂಬಿದರು. ವರ್ಷವಾರು ಎಷ್ಟು ಕಲ್ಲುಗಳಿವೆಯೆಂದು ರೇಖಾನಕ್ಷೆ ಬರೆಸಿದಾಗ ತೆರೆಯ ಮೇಲೆ ಮೂಡಿದ ಚಿತ್ರ ನೋಡಿ ಎಲ್ಲರೂ ಬೆರಗಾದೆವು. 1100, 1150, 1200, ಹೀಗೆ ದುಂಡು ಸಂಖ್ಯೆಯ ವರ್ಷಗಳಲ್ಲಿ ವೀರರು ಗುಂಪುಗುಂಪಾಗಿ ಸತ್ತಂತೆ ಕಾಣುತ್ತಿತ್ತು. ಒಬ್ಬ ವಿದ್ಯಾರ್ಥಿ ಆ ವರ್ಷಗಳಲ್ಲಿ ಬರಗಾಲವಿತ್ತೇನೋ, ಅದಕ್ಕೇ ದನಕಳವು ಹೆಚ್ಚಿತೇನೋ ಎಂದು ಊಹೆಯನ್ನೂ ಮಂಡಿಸಿದ. ನಾನು ಅದನ್ನು ಅರ್ಧ ದಿನ ಗಂಭೀರವಾಗಿಯೇ ಪರಿಗಣಿಸಿದೆ.

ಸಂಜೆ ಸಂಪುಟವನ್ನು ತೆರೆದಾಗ ಕಾರಣ ತಿಳಿಯಿತು. ತೇದಿಯಿಲ್ಲದ ಅಥವಾ ತೇದಿ ಅಳಿಸಿಹೋದ ಶಾಸನಕ್ಕೆ ರೈಸ್ ಅವರು ಲಿಪಿಯನ್ನೂ ಅರಸನ ಹೆಸರನ್ನೂ ನೋಡಿ, 'ಕಾಲ? ಸುಮಾರು ಇಂತಿಷ್ಟು' ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಅಂದಾಜು ಕೊಡುತ್ತಾರೆ. ನಮ್ಮ ಕೋಷ್ಟಕದ ವರ್ಷದ ಕಾಲಮ್ಮಿನಲ್ಲಿ ಅಂಕೆಗಳಿಗೆ ಮಾತ್ರ ಅವಕಾಶವಿತ್ತು. ತುಂಬುವಾಗ 'ಸುಮಾರು' ಎಂಬ ಪದವೂ ಉದುರಿತ್ತು, ಪ್ರಶ್ನೆಯ ಗುರುತೂ ಉದುರಿತ್ತು. ಆ ಹಿರಿಯ ವಿದ್ವಾಂಸರು ನೂರು ವರ್ಷಗಳ ಹಿಂದೆ ಅಷ್ಟು ಎಚ್ಚರದಿಂದ ದಾಖಲಿಸಿದ್ದ ಸಂದೇಹವನ್ನು ನಾವು ಒಂದು ವಾರದಲ್ಲಿ ಅಳಿಸಿಹಾಕಿ, ಅದರ ಜಾಗದಲ್ಲಿ ಖಚಿತವಾದ ಸುಳ್ಳನ್ನು ನಿಲ್ಲಿಸಿದ್ದೆವು. ತಪ್ಪು ವಿದ್ಯಾರ್ಥಿಗಳದ್ದಲ್ಲ, ಕೋಷ್ಟಕದ ಕಾಲಮ್ಮುಗಳನ್ನು ಹಾಕಿಕೊಟ್ಟವನು ನಾನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂಬುದನ್ನು ಇಲ್ಲಿ ಬರೆಯಲು ಸಂಕೋಚವಿಲ್ಲ.

ಈ ಸಮಸ್ಯೆಯನ್ನು ಬೇರೆಯವರು ಹೇಗೆ ನಿಭಾಯಿಸಿದ್ದಾರೆಂದು ಹುಡುಕುತ್ತ ಹೋದಾಗ ಅಟ್ಲಾಂಟಿಕ್ ಸಾಗರದ ಗುಲಾಮ ವ್ಯಾಪಾರದ ದತ್ತಾಂಶ ಸಂಗ್ರಹದ ಬಗ್ಗೆ ಓದಿದೆ. ಡೇವಿಡ್ ಎಲ್ಟಿಸ್ ಮತ್ತು ಅವರ ಜೊತೆಗಾರ ಇತಿಹಾಸಕಾರರು 1999ರಲ್ಲಿ 27,233 ನೌಕಾಯಾನಗಳ ವಿವರವನ್ನು ಸಿಡಿಯಲ್ಲಿ ಹೊರತಂದರು. 2008ರಲ್ಲಿ ಎಮೊರಿ ವಿಶ್ವವಿದ್ಯಾಲಯದಿಂದ ಅದು ಜಾಲಕ್ಕೆ ಬಂತು. ಈಗ ಅದರಲ್ಲಿ 36,000ಕ್ಕೂ ಹೆಚ್ಚು ಯಾನಗಳಿವೆ. ಅದರ ಒಳರಚನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಅಂಶ: ಹಡಗಿನ ದಾಖಲೆ ಹೇಳುವ ಮಾತಿಗೆ ಒಂದು ಕಾಲಂ, ಇತಿಹಾಸಕಾರರು ಲೆಕ್ಕ ಹಾಕಿ ಊಹಿಸಿದ ಮಾತಿಗೆ ಇನ್ನೊಂದು ಕಾಲಂ. ದಾಖಲೆ ಮೌನವಾಗಿರುವಲ್ಲಿ ಮೊದಲನೆಯದು ಖಾಲಿಯಾಗಿಯೇ ಉಳಿಯುತ್ತದೆ. ಲಕ್ಷಾಂತರ ಜನರ ಸಂಕಟದ ಲೆಕ್ಕದಲ್ಲಿ ಆ ಖಾಲಿ ಜಾಗವನ್ನು ಕಾಪಾಡಿಕೊಂಡಿರುವುದು ನನಗೆ ದೊಡ್ಡ ಪ್ರಾಮಾಣಿಕತೆಯಾಗಿ ಕಂಡಿತು.

ನಾವು ಇಡೀ ಕೋಷ್ಟಕವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಕಲ್ಲು ಹೇಳುವ ಕಾಲ ಒಂದು ಕಡೆ: ಶಕವರ್ಷವೋ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಿಂದ ಎಣಿಸುವ ಚಾಲುಕ್ಯ ವಿಕ್ರಮ ವರ್ಷವೋ, ಬರೀ ಸಂವತ್ಸರದ ಹೆಸರೋ, ಏನಿದೆಯೋ ಅದು. ನಾವು ಪರಿವರ್ತಿಸಿದ ಕ್ರಿಸ್ತಶಕ ಇನ್ನೊಂದು ಕಡೆ. ಶಕಕ್ಕೆ 78 ಸೇರಿಸಿದರೆ ಮುಗಿಯಿತೆಂದು ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಆದರೆ ಪುಷ್ಯ, ಮಾಘ, ಫಾಲ್ಗುಣಗಳ ತೇದಿ ಸಾಮಾನ್ಯವಾಗಿ ಮುಂದಿನ ಕ್ರಿಸ್ತವರ್ಷಕ್ಕೆ ಜಾರುತ್ತದೆ, ಶಾಸನದ ವರ್ಷ ಗತವೋ (ಮುಗಿದದ್ದು) ವರ್ತಮಾನವೋ (ನಡೆಯುತ್ತಿರುವುದು) ಎಂಬುದನ್ನೂ ನೋಡಬೇಕು, ಸಂವತ್ಸರವು 60 ವರ್ಷಕ್ಕೊಮ್ಮೆ ಮರಳುವುದರಿಂದ ಅರಸನ ಹೆಸರಿಲ್ಲದಿದ್ದರೆ ಎರಡು ಮೂರು ಸಾಧ್ಯತೆಗಳು ಉಳಿಯುತ್ತವೆ. ಆದ್ದರಿಂದ ಒಂದೇ ವರ್ಷದ ಬದಲು 'ಇದಕ್ಕಿಂತ ಹಿಂದಲ್ಲ', 'ಇದಕ್ಕಿಂತ ಮುಂದಲ್ಲ' ಎಂಬ ಎರಡು ಮಿತಿಗಳನ್ನು ಬರೆಯತೊಡಗಿದೆವು. ಪ್ರಶ್ನಾರ್ಥಕ ಚಿಹ್ನೆಗೇ ಒಂದು ಕಾಲಂ ಕೊಟ್ಟೆವು. ಅಲ್ಲಿ ಸಂದೇಹ ಯಾರದು, ರೈಸ್ ಅವರದೋ ನಮ್ಮದೋ ಎಂಬುದನ್ನು ಬರೆಯುತ್ತೇವೆ. ಹೊಸ ರೇಖಾನಕ್ಷೆಯಲ್ಲಿ ಶಿಖರಗಳು ಕರಗಿ, ಹನ್ನೊಂದರಿಂದ ಹದಿಮೂರನೆಯ ಶತಮಾನದವರೆಗೆ ಅಗಲವಾದ ಮಬ್ಬು ಪಟ್ಟಿಯೊಂದು ಹರಡಿಕೊಂಡಿತು.

ಸಾವಿನ ಕಾರಣದ ಕಾಲಮ್ಮೂ ಇದೇ ಶಿಸ್ತನ್ನು ಬೇಡಿತು. ದನ ಹಿಡಿದವರನ್ನು ಅಟ್ಟಿ ಹೋದವನು ಊರಿನ ಬಾಗಿಲಲ್ಲೇ ಕಾದಿ ಸತ್ತರೆ ಅದು ತುಱುಗೋಳೋ ಊರಳಿವೋ? ಒಂದೇ ಕಾಳಗದಲ್ಲಿ ದನವನ್ನೂ ಹಿಡಿದು ಹೆಂಗಸರ ಮೇಲೂ ಕೈಮಾಡಿದ್ದರೆ ಅದನ್ನು ಎಲ್ಲಿ ಸೇರಿಸುವುದು? ಒಂದು ಕಲ್ಲಿಗೆ ಒಂದೇ ಕಾರಣ ಎಂಬ ನಮ್ಮ ಮೊದಲ ನಿಯಮವನ್ನು ಕೈಬಿಟ್ಟು, ಶಾಸನದ ಮಾತುಗಳನ್ನು ಹಾಗೆಯೇ ಎತ್ತಿ ಬರೆದು, ವರ್ಗವನ್ನು ಒಂದಕ್ಕಿಂತ ಹೆಚ್ಚು ಹಾಕಲು ಅವಕಾಶ ಮಾಡಿದೆವು. ಅಕ್ಷರವೇ ಇಲ್ಲದ ವೀರಗಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು ಕೊರೆದಿದ್ದರೆ ಅದನ್ನು 'ಶಿಲ್ಪದಿಂದ ಊಹೆ' ಎಂದು ಬೇರೆಯಾಗಿ ಗುರುತಿಸಿದೆವು.

ಇನ್ನು ಸ್ಥಳ. ಬನವಾಸಿ ಪನ್ನಿರ್ಚ್ಛಾಸಿರ ಎಂಬ ದೊಡ್ಡ ಪ್ರಾಂತ್ಯದೊಳಗೆ ಎಡೆನಾಡು ಎಪ್ಪತ್ತು, ಜಿಡ್ಡುಳಿಗೆ ಎಪ್ಪತ್ತು, ನಾಗರಖಂಡ ಎಪ್ಪತ್ತು ಎಂಬ, ಹೆಸರಿನೊಡನೆ ಸಂಖ್ಯೆ ಹೊತ್ತ ನಾಡುಗಳು, ಅಂದರೆ ಆಡಳಿತ ವಿಭಾಗಗಳು, ಈ ಸೀಮೆಯ ಶಾಸನಗಳಲ್ಲಿ ಪದೇಪದೇ ಬರುತ್ತವೆ. ನಕಾಶೆ ತಯಾರಿಸಲು ಬಳಸಿದ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಇವುಗಳಿಗೆ ಗಡಿರೇಖೆ ಎಳೆದು ಬಣ್ಣ ತುಂಬುವುದು ಹತ್ತು ನಿಮಿಷದ ಕೆಲಸ. ನೋಡುವವರಿಗೂ ಅದು ಚೆಂದ. ಆದರೆ ಶಾಸನಗಳು ಹೇಳುವುದು ಇಂತಹ ಊರು ಇಂತಹ ನಾಡಿನಲ್ಲಿದೆ ಎಂದಷ್ಟೇ. ಒಂದು ನಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂದು ಅವು ಗೆರೆ ಎಳೆದು ತೋರಿಸುವುದಿಲ್ಲ. ನಾವು ಗೆರೆ ಎಳೆಯದೆ, ಶಾಸನದಲ್ಲಿ ಹೆಸರಿಸಲಾದ ಊರುಗಳಿಗೆ ಆಯಾ ನಾಡಿನ ಬಣ್ಣದ ಚುಕ್ಕಿ ಇಟ್ಟು ನಿಲ್ಲಿಸಿದೆವು. ಯೋಜನೆಯ ಪರಿಶೀಲನೆಗೆ ಬಂದ ಹಿರಿಯರೊಬ್ಬರು ನಕಾಶೆ ಅಪೂರ್ಣವಾಗಿದೆ ಎಂದು ಬರೆದರು. ಅದು ಅಪೂರ್ಣವೇ, ಮತ್ತು ಹಾಗೆಯೇ ಇರಬೇಕು ಎಂಬುದು ನನ್ನ ನಿಲುವು.

ಚುಕ್ಕಿ ಇಡುವುದಕ್ಕೂ ಊರು ಸಿಗಬೇಕು. ಸಂಪುಟದಲ್ಲಿರುವ ಕೆಲವು ಊರುಗಳು ಈಗ ಬೇಚರಾಖ್ ಗ್ರಾಮಗಳು. ಕಂದಾಯದ ಕಾಗದದಲ್ಲಿ ಹೆಸರುಂಟು, ಮನೆಯಿಲ್ಲ. ಒಂದೇ ಹೆಸರಿನ ಎರಡು ಊರುಗಳು ಎರಡು ಹೋಬಳಿಗಳಲ್ಲಿವೆ. ಕಲ್ಲುಗಳೂ ನಿಂತಲ್ಲಿ ನಿಂತಿಲ್ಲ: ಗದ್ದೆ ಸಮ ಮಾಡುವಾಗ ಬದುವಿಗೆ ಬಂದವು, ದೇವಸ್ಥಾನದ ಅಂಗಳಕ್ಕೆ ಬಂದವು, ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಹೋದವು. ಆದ್ದರಿಂದ ರೈಸ್ ಅವರ ಕಾಲದಲ್ಲಿದ್ದ ಜಾಗ ಮತ್ತು ನಾವು ನೋಡಿದ ಜಾಗವನ್ನು ಬೇರೆಬೇರೆಯಾಗಿ ಬರೆದೆವು. ಕ್ಷೇತ್ರಕಾರ್ಯಕ್ಕೆ ಮೊಬೈಲಿನಲ್ಲಿ ಸಿಗ್ನಲ್ ಇಲ್ಲದೆಯೂ ತುಂಬಬಹುದಾದ ನಮೂನೆಯೊಂದನ್ನು ಸಿದ್ಧಪಡಿಸಿಕೊಂಡಿದ್ದೆವು, ಆದರೆ ದಟ್ಟ ಕಾಡಿನ ನೆರಳಿನಲ್ಲಿ ಜಿಪಿಎಸ್ ತೋರಿಸುವ ಜಾಗ ಹಲವು ಮೀಟರುಗಳಷ್ಟು ಅತ್ತಿತ್ತ ಸರಿಯುತ್ತದೆ. ಅಕ್ಷರ ಕಾಣಲೆಂದು ಕಲ್ಲಿಗೆ ಸುಣ್ಣದಕಡ್ಡಿ ಉಜ್ಜಬಾರದೆಂದು ವಿದ್ಯಾರ್ಥಿಗಳಿಗೆ ಹೊರಡುವ ಮೊದಲೇ ಹೇಳಿದ್ದೆ. ಸಂಜೆಯ ಓರೆಬಿಸಿಲು ಬೀಳುವವರೆಗೆ ಕಾದರೆ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದರೆ, ಹಗಲಿನಲ್ಲಿ ಬರೀ ಕಲ್ಲಾಗಿ ಕಂಡಲ್ಲಿ ಸಾಲುಸಾಲಾಗಿ ಅಕ್ಷರ ಏಳುತ್ತವೆ. ಮೊದಲ ಸಲ ಅದನ್ನು ಕಂಡ ವಿದ್ಯಾರ್ಥಿನಿ, ಆ ಪ್ರಶ್ನೆ ಕೇಳಿದವಳೇ, ಮಾತಿಲ್ಲದೆ ನೆಲದ ಮೇಲೆ ಕುಳಿತುಬಿಟ್ಟಳು.

ಸಾಗರ ತಾಲ್ಲೂಕಿಗೆ ಬಂದಾಗ ನಮ್ಮ ಎಲ್ಲ ಕಾಲಮ್ಮುಗಳೂ ಸಾಲದಾದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಎರಡೂ ದಡದ ಊರುಗಳು ಮುಳುಗಡೆಯಾದವು. ಅದಕ್ಕಿಂತ ಮೊದಲು 1948ರ ಹಿರೇಭಾಸ್ಕರ ಅಣೆಕಟ್ಟು ಕೆಲವನ್ನು ಮುಳುಗಿಸಿತ್ತು, ಮುಂದೆ ಆ ಅಣೆಕಟ್ಟೇ ಲಿಂಗನಮಕ್ಕಿಯ ನೀರಿನಡಿ ಸೇರಿತು. ಹಳೆಯ ಸರ್ವೆ ನಕಾಶೆಯಿಂದ ಊರನ್ನು ಗುರುತಿಸಿ ಚುಕ್ಕಿ ಇಟ್ಟರೆ, ಇಂದಿನ ನಕಾಶೆಯಲ್ಲಿ ಅದು ನೀಲಿ ನೀರಿನ ನಟ್ಟನಡುವೆ ಕೂರುತ್ತಿತ್ತು. ತಂತ್ರಾಂಶ ಅದನ್ನು ದೋಷವೆಂದು ತೋರಿಸಿತು. ಪರಿಶೀಲಿಸುತ್ತಿದ್ದ ಹುಡುಗ ಅಂತಹ ನಾಲ್ಕಾರು ಸಾಲುಗಳನ್ನು ತಪ್ಪೆಂದು ತಿಳಿದು ಅಳಿಸಿದ್ದ. ಹಳೆಯ ಪ್ರತಿ ಇದ್ದುದರಿಂದ ಅವು ಮರಳಿ ಬಂದವು.

ಮುಳುಗಡೆಯಿಂದ ಬೇರೆಡೆಗೆ ಬಂದು ನೆಲೆಸಿದ ಕುಟುಂಬವೊಂದನ್ನು ಕಾಣಲು ಹೋದೆವು. ಮನೆಯ ಹಿರಿಯರು ಊರು ಬಿಟ್ಟಾಗ ಹದಿಹರೆಯದವರು. ವಿದ್ಯಾರ್ಥಿಗಳು, "ಅಜ್ಜಾ, ನಿಮ್ಮೂರಿನ ಕಲ್ಲು ನೆನಪಿದೆಯಾ?" ಎಂದು ಕೇಳಿದರು. ಅವರು ಕೆರೆ ಏರಿ, ಅದರ ಪಕ್ಕದ ಹುಣಸೆಮರ, ಮರದ ಬುಡದಲ್ಲಿ ವಾಲಿಕೊಂಡಿದ್ದ ಕಲ್ಲು, ಅದಕ್ಕೆ ದೀಪಾವಳಿಯಲ್ಲಿ ಎಣ್ಣೆ ಹಚ್ಚುತ್ತಿದ್ದುದು ಎಲ್ಲವನ್ನೂ ಹೇಳಿ, ನೆಲದ ಮೇಲೆ ಕಡ್ಡಿಯಿಂದ ಊರಿನ ದಾರಿ ಬರೆದು ತೋರಿಸಿದರು. ಲ್ಯಾಪ್‌ಟಾಪಿನಲ್ಲಿ ನೀರಿನ ಮೇಲಿನ ಚುಕ್ಕಿಯನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರೇ, ಬರೀ ಚುಕ್ಕಿ ಇಟ್ಟರೆ ಇದು ನೀರು ಅಂತ ತಿಳೀತಾರೆ. ಊರಿತ್ತು ಅಂತ ಬರೀರಿ," ಎಂದರು.

ಆ ಮಾತಿನ ಮೇಲೆ ಕೋಷ್ಟಕಕ್ಕೆ 'ಹೇಳಿಕೆ' ಎಂಬ ಕಾಲಂ ಬಂತು. ಸಂಪುಟದ ಸಾಕ್ಷಿ, ನಾವು ಕಣ್ಣಾರೆ ಕಂಡದ್ದು, ಇವುಗಳ ಜೊತೆಗೆ ಊರಿನವರ ನೆನಪು ಮೂರನೆಯ ಸಾಕ್ಷಿಯಾಗಿ, ಯಾವ ದಿನ ಯಾರ ಮುಂದೆ ಹೇಳಿದ್ದೆಂಬ ವಿವರದೊಡನೆ ನಿಂತಿತು. ಹೇಳಿದವರ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ತೋರಿಸುವುದಿಲ್ಲ. ನಕಾಶೆಯಲ್ಲಿ ಅಂತಹ ಊರುಗಳಿಗೆ ಬೇರೆ ಗುರುತು ಕೊಟ್ಟು, ಹಳೆಯ ಸರ್ವೆ ನಕಾಶೆಯನ್ನು ಕೆಳಗಿನ ಪದರವಾಗಿ ಹಾಸಿದೆವು. ಒತ್ತಿದರೆ ನೀರು ಮರೆಯಾಗಿ ಕೆರೆ, ದಾರಿ, ಮನೆಗಳ ಗುಂಪು ಕಾಣುತ್ತವೆ.

ಪ್ರಕಟಿಸುವ ಹೊತ್ತಿಗೆ ಇನ್ನೊಂದು ಚರ್ಚೆ ಎದ್ದಿತು. ನಿಧಿಯ ಆಸೆಗೆ ಶಾಸನಕಲ್ಲುಗಳ ಬುಡ ಅಗೆಯುವವರು ನಮ್ಮ ನಾಡಿನಲ್ಲಿದ್ದಾರೆ. ಕಾಡಿನೊಳಗಿನ ಒಂಟಿ ಕಲ್ಲಿನ ನಿಖರ ಸ್ಥಾನವನ್ನು ಎಲ್ಲರ ಮೊಬೈಲಿಗೂ ತಲುಪಿಸುವುದು ಅವರಿಗೆ ದಾರಿ ತೋರಿಸಿದಂತೆ ಆಗುತ್ತದೆ. ಎಲ್ಲವನ್ನೂ ತೆರೆದಿಡಬೇಕೆಂದು ವಾದಿಸುತ್ತಿದ್ದ ನಾನೇ ಕ್ಷೇತ್ರಕಾರ್ಯದಲ್ಲಿ ಅಂತಹ ಒಂದು ಹೊಂಡವನ್ನು ಕಂಡ ಮೇಲೆ ಮನಸ್ಸು ಬದಲಿಸಿದೆ. ಸಾರ್ವಜನಿಕ ನಕಾಶೆಯಲ್ಲಿ ಗ್ರಾಮದವರೆಗೆ ಮಾತ್ರ ತೋರಿಸಿ, ನಿಖರ ಸ್ಥಾನವನ್ನು ವಿಭಾಗದಲ್ಲಿ ಇಟ್ಟುಕೊಂಡು, ಕೇಳಿದ ಸಂಶೋಧಕರಿಗೆ ಕೊಡುವುದೆಂದು ತೀರ್ಮಾನಿಸಿದೆವು.

ಮೊದಲ ಜಾಲತಾಣ ಎರಡು ವರ್ಷ ಮಾತ್ರ ಬದುಕಿತು. ಅದನ್ನು ಇರಿಸಿದ್ದ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದ ಮುಗಿದು, ನವೀಕರಣದ ಕಡತ ಮೇಜಿನಿಂದ ಮೇಜಿಗೆ ತಿರುಗುತ್ತಿರುವಾಗಲೇ ಒಂದು ಬೆಳಿಗ್ಗೆ ಅದು ತೆರೆಯಲಿಲ್ಲ. ಚಿತ್ರಗಳ ಶೀರ್ಷಿಕೆಗಳು, ನಾವು ಅಲ್ಲಿಯೇ ನೇರವಾಗಿ ಬರೆದಿದ್ದ ಪರಿಚಯ ಬರಹಗಳು ಹೋದವು. ಕೋಷ್ಟಕಗಳು ಮಾತ್ರ ಸಾದಾ ಪಠ್ಯ ಕಡತಗಳಾಗಿ ಬೇರೆ ಕಡೆ ಇದ್ದುದರಿಂದ ಉಳಿದವು. ಈಗಿನ ರೂಪವನ್ನು ಒಮೆಕಾ ಎಂಬ ಮುಕ್ತ ತಂತ್ರಾಂಶದಲ್ಲಿ ಕಟ್ಟಿದ್ದೇವೆ. ಇತಿಹಾಸಕಾರ ರಾಯ್ ರೋಸನ್‌ಝ್ವೈಗ್ ಅವರು 1994ರಲ್ಲಿ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ ಕೇಂದ್ರದಿಂದ ಬಂದ ತಂತ್ರಾಂಶವದು, ಇತಿಹಾಸದವರ ಅಗತ್ಯ ತಿಳಿದು ಮಾಡಿದ್ದು. ಆದರೂ ಈ ಸಲ ಕೋಷ್ಟಕಗಳ ಪ್ರತಿಯನ್ನು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ, ಸಂಶೋಧನಾ ದತ್ತಾಂಶದ ಝೆನೊಡೊ ಭಂಡಾರದಲ್ಲಿಯೂ ಇಟ್ಟಿದ್ದೇವೆ. ಜಾಲತಾಣ ಬಿದ್ದರೂ ದತ್ತಾಂಶ ಬೀಳಬಾರದು. ಇಷ್ಟೆಲ್ಲ ಆದ ಆ ವರ್ಷದ ನನ್ನ ವಾರ್ಷಿಕ ವರದಿಯ ನಮೂನೆಯಲ್ಲಿ ಈ ಕೆಲಸವನ್ನು ಬರೆಯಲು ಜಾಗವೇ ಇರಲಿಲ್ಲ. ಪುಸ್ತಕ, ಲೇಖನ, ಉಪನ್ಯಾಸ ಎಂಬ ಮೂರು ಸಾಲುಗಳಿದ್ದವು. ನಾಲ್ವರು ವಿದ್ಯಾರ್ಥಿಗಳ ಹೆಸರನ್ನು ಸಹಸಂಪಾದಕರೆಂದು ಜಾಲತಾಣದ ಮೊದಲ ಪುಟದಲ್ಲಿ ಹಾಕಿದ್ದೇವೆ, ಅದು ಅವರ ನ್ಯಾಯವಾದ ಹಕ್ಕು.

ತರಗತಿಯಲ್ಲಿ ಬಂದ ಪ್ರಶ್ನೆಗೆ ಈಗ ಉತ್ತರವಿದೆ, ಆದರೆ ಅದು ಒಂದು ಸಂಖ್ಯೆಯಲ್ಲ. ಶಾಸನವೇ ಸ್ಪಷ್ಟವಾಗಿ ಹೇಳುವವು ಇಷ್ಟು, ಶಿಲ್ಪದಿಂದ ಊಹಿಸಿದವು ಇಷ್ಟು, ಎರಡೂ ವರ್ಗಕ್ಕೆ ಸೇರುವವು ಇಷ್ಟು, ಅಕ್ಷರ ಅಳಿದು ತಿಳಿಯದವು ಇಷ್ಟು ಎಂದು ಕೋಷ್ಟಕ ನಾಲ್ಕು ಸಾಲಿನಲ್ಲಿ ಉತ್ತರಿಸುತ್ತದೆ. ಕಳೆದ ತಿಂಗಳು ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಪತ್ರ ಬರೆದು, ನಾವು ಗುರುತಿಸಿದ ಒಂದು ಊರು ತಮ್ಮ ಊರಲ್ಲ, ಅದೇ ಹೆಸರಿನ ಪಕ್ಕದ ಹೋಬಳಿಯ ಊರು ಎಂದು ತಿಳಿಸಿದರು. ಕಲ್ಲಿನ ಚಿತ್ರವನ್ನೂ ಕಳಿಸಿದ್ದರು. ಹಳೆಯ ಗುರುತನ್ನು ಅಳಿಸದೆ, ಯಾವ ದಿನ ಯಾವ ಆಧಾರದ ಮೇಲೆ ಬದಲಾಯಿತೆಂದು ಕೆಳಗೆ ಬರೆದು, ಚುಕ್ಕಿಯನ್ನು ಸರಿಸಿದೆವು. ತೀರ್ಥಹಳ್ಳಿ ತಾಲ್ಲೂಕಿನ ಪಾಠಗಳನ್ನು ಹೊಸ ಜೋಡಿಯೊಂದು ಈ ವಾರ ಬೆರಳಚ್ಚು ಮಾಡಲು ತೆಗೆದುಕೊಂಡಿದೆ.